ಬೆಚ್ಚಗಿದ್ದ ಇಂಜಿನ್ನು

ಕಾರಣವೇ ಸಿಗದ ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ನನಗೆ ಮೊದಲು ಆಕಳಿಕೆ ಬರುತ್ತಿತ್ತು. ಹಾಗೆಂದು ನಾನೇನೂ ಧೈರ್ಯಸ್ಥನಲ್ಲ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ಮನೆಗೆ ಓಡಿದವನು. ಆದರೆ ನನ್ನ ಹೆದರಿಕೆಗಳಿಗೆಲ್ಲ ಒಂದೊಂದು ಕಾರಣ ಇರುತ್ತಿತ್ತು.

ನನ್ನ ಕೆಲಸವೂ ಹೆದರುವುದೇ. ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ತುರ್ತು ಡೀಸೆಲ್ ಇಂಜಿನ್ನುಗಳನ್ನು ನೋಡಿಕೊಳ್ಳುತ್ತೇನೆ. ಸ್ಥಾವರ ನಿಲ್ಲಿಸಿದರೂ ಅದರ ಒಳಗಿನ ಕಾವು ನಿಲ್ಲುವುದಿಲ್ಲ, ಒಲೆ ಆರಿಸಿದ ಮೇಲೂ ಉಳಿಯುವ ಕೆಂಡದ ಹಾಗೆ. ಅದರ ಮೇಲೆ ನೀರು ಹರಿಯುತ್ತಲೇ ಇರಬೇಕು. ನೀರಿಗೆ ಪಂಪು, ಪಂಪಿಗೆ ಕರೆಂಟು. ಹೊರಗಿನ ಕರೆಂಟು ಹೋದರೆ ನಮ್ಮ ಇಂಜಿನ್ನುಗಳು ತಕ್ಷಣ ಏಳಬೇಕು. ಅದಕ್ಕೇ ಅವನ್ನು ಹೀಟರ್ ಹಾಕಿ ಹಗಲೂ ರಾತ್ರಿ ಬೆಚ್ಚಗೆ ಇಟ್ಟಿರುತ್ತೇವೆ, ಬಾಣಂತಿಯನ್ನು ಇಟ್ಟ ಹಾಗೆ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿಗೆ ಮುಂಚಿನ ಚಳಿಯಲ್ಲಿ, ರಜೆ ಹಾಕಿ ಕಂಪ್ಲಿಗೆ ಅಕ್ಕನ ಮನೆಗೆ ಹೋಗಿದ್ದೆ. ಭಾವ ಸಂಡೂರಿನ ಗಣಿಗಳಲ್ಲಿ ಲಾರಿ ಓಡಿಸಿ ಎದೆ ಕೆಡಿಸಿಕೊಂಡವರು. ಆಕ್ಸಿಜನ್ ಮಿಷನ್ ಇಲ್ಲದೆ ಮಲಗುವಂತಿರಲಿಲ್ಲ. ಹೋದ ಸಂಜೆಯೇ ನಾನು ಶುರು ಮಾಡಿದೆ: ಕರೆಂಟು ಹೋದರೆ? ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ? ಪಕ್ಕದ ಮುಚ್ಚಿದ ಅಕ್ಕಿ ಮಿಲ್ಲಿನಲ್ಲಿ ಕೈಯಿಂದ ತಿರುಗಿಸುವ ಹಳೆಯ ಡೀಸೆಲ್ ಜನರೇಟರ್ ಇತ್ತು. ಅಲ್ಲಿಂದ ಮನೆಗೆ ವೈರ್ ಎಳೆದು, ಡೀಸೆಲ್ ತುಂಬಿದೆ. ಇಂಜಿನ್ನು ಹೆಣದಂತೆ ತಣ್ಣಗಿತ್ತು. ಹ್ಯಾಂಡಲ್ ಒಂದು ಸುತ್ತೂ ಬರಲಿಲ್ಲ.

"ಏನಲೇ, ಇಲ್ಲೂ ಸ್ಥಾವರ ಹಾಕಾಕ ಬಂದಿಯೇನು?" ಎಂದು ಭಾವ ಕೆಮ್ಮುತ್ತಲೇ ನಕ್ಕರು.

ನಮ್ಮಲ್ಲಿ ಯಾವುದನ್ನೂ ಪರೀಕ್ಷಿಸದೆ ನಂಬುವ ಪದ್ಧತಿಯಿಲ್ಲ. ಮಿಷನ್ನನ್ನು ಇನ್ವರ್ಟರಿಗೆ ಹಾಕಿ, ಎಷ್ಟು ಹೊತ್ತು ಓಡುತ್ತದೋ ನೋಡೋಣ ಎಂದು ಕುಳಿತೆ. ಚೆನ್ನಾಗಿಯೇ ಓಡಿತು. ಬ್ಯಾಟರಿ ಬರಿದಾಗುವವರೆಗೂ ಓಡಿತು. ಅದು ಮತ್ತೆ ತುಂಬುವ ಮೊದಲೇ, ಬೆಳಗಿನ ಜಾವ, ಊರಿನ ಕರೆಂಟು ಹೋಯಿತು.

ಮಿಷನ್ ಕುಯ್ಯೆಂದು ಕೂಗಿ ನಿಂತಿತು. ಭಾವ ಎದ್ದು ಕುಳಿತು ಬಾಯಿ ತೆರೆದರು. ಉಸಿರು ಒಳಗೆ ಹೋಗುತ್ತಿರಲಿಲ್ಲ. "ಏನಾರ ಮಾಡೋ ತಮ್ಮ" ಎಂದಳು ಅಕ್ಕ. ಫೋನಿನಲ್ಲಿ ಆಂಬ್ಯುಲೆನ್ಸಿನವರು ಹೊಸಪೇಟೆಯಿಂದ ಬರಬೇಕು ಎಂದರು.

ನಾನು ಮಿಲ್ಲಿಗೆ ಓಡಿ ವಾಚ್‌ಮನ್ ಮಾಬುಸಾಬರನ್ನು ಎಬ್ಬಿಸಿದೆ. ಮಂಜಿಗೆ ಶೆಡ್ಡಿನ ತಗಡಿನಿಂದ ನೀರಿಳಿಯುತ್ತಿತ್ತು. ಅವರು ಹ್ಯಾಂಡಲ್ ಸಿಕ್ಕಿಸಲು ಹೋಗಿ ಕೈ ಹಿಂದೆಳೆದುಕೊಂಡರು.

"ಸಾರ್, ಇದು ಬಿಸಿ ಐತ್ರೀ. ಯಾವಾಗ ಹಚ್ಚಿದ್ರಿ?"

"ನಾನೆಲ್ಲಿ ಹಚ್ಚಿದೆ? ನೀವು ಹಚ್ಚಿರಬೇಕು."

"ಅಲ್ಲಾನ ಆಣಿಗೂ ಮುಟ್ಟಿಲ್ರೀ!"

ನಾನೂ ಮುಟ್ಟಿದೆ. ಆ ಕಾವು ನನ್ನ ಅಂಗೈಗೆ ಗೊತ್ತಿತ್ತು. ಓಡಿ ನಿಂತ ಇಂಜಿನ್ನಿನ ಉರಿ ಅದಲ್ಲ. ಹೀಟರ್ ಹಾಕಿ ಕಾಯಿಸಿಟ್ಟ ಇಂಜಿನ್ನಿನ ಸಮನಾದ ಬಿಸಿ. ಯೋಚಿಸಲು ಸಮಯವಿರಲಿಲ್ಲ. ಹ್ಯಾಂಡಲ್ ತಿರುಗಿಸಿದೆವು. ಮೊದಲ ಸಲಕ್ಕೇ ಎದ್ದಿತು. ಮನೆಯೊಳಗೆ ಮಿಷನ್ ಉಸಿರೆಳೆಯಿತು, ಸ್ವಲ್ಪ ಹೊತ್ತಿಗೆ ಭಾವನೂ.

ಬೆಳಗಾದ ಮೇಲೆ ಎಂದಿನಂತೆ ಸ್ಥಾವರಕ್ಕೆ ಫೋನ್ ಮಾಡಿದೆ. ರಜೆಯಲ್ಲೂ ಫೋನ್ ಮಾಡುತ್ತೇನೆಂದು ಅಲ್ಲಿ ಎಲ್ಲರಿಗೂ ನಗು. ಅಂದು ಪಾಳಿಯ ಹುಡುಗಿ ನಗಲಿಲ್ಲ. "ಸಾರ್, ಜಾವದಲ್ಲಿ ರೌಂಡ್ಸ್ ಹೋದಾಗ ನಿಮ್ಮ ಎರಡನೇ ಇಂಜಿನ್ ತಣ್ಣಗಿತ್ತು. ಹೀಟರ್ ಸರಿಯಾಗೇ ಇದೆ, ಪವರ್ ಬರ್ತಿದೆ. ಈಗ ತಾನಾಗೇ ಬಿಸಿ ಆಗ್ತಿದೆ. ಯಾಕಂತ ಗೊತ್ತಾಗ್ತಿಲ್ಲ."

ಅಪಾಯವೇನೂ ಆಗಲಿಲ್ಲ. ಉಳಿದ ಇಂಜಿನ್ನುಗಳು ಸಿದ್ಧವಾಗಿದ್ದವು, ಅಲ್ಲಿ ಕರೆಂಟೂ ಹೋಗಿರಲಿಲ್ಲ. ನಾನು ಹಿಂತಿರುಗಿ ಆ ಇಂಜಿನ್ನನ್ನು ಬಿಚ್ಚಿ, ಜೋಡಿಸಿ, ಸುಸ್ತಾದೆ. ಏನೂ ಸಿಗಲಿಲ್ಲ. ಕಾಕತಾಳೀಯ ಎಂದು ನೀವು ಹೇಳಿದರೆ ಜಗಳಕ್ಕೆ ಬರುವುದಿಲ್ಲ, ನಿಜಕ್ಕೂ ನನಗೆ ನಿದ್ದೆ ಬಂದೀತು.

ಭಾವ ಇನ್ನೂ ಇದ್ದಾರೆ, ಬಯ್ಯುತ್ತಾರೆ. "ಆ ಕಾವು ದೇವರು ಎಲ್ಲಿಂದಾರ ತಂದು ಕೊಟ್ಟಾನ, ಸುಮ್ನಿರೋ" ಎನ್ನುತ್ತಾಳೆ ಅಕ್ಕ. ಎಲ್ಲಿಂದ ಎಂಬುದನ್ನು ಅವಳಿಗೆ ನಾನು ಇನ್ನೂ ಹೇಳಿಲ್ಲ.