ಹದಿನೆಂಟು ಲಕ್ಷದಲ್ಲಿ ಒಂದು ದಿನ

ಮೊನ್ನೆ ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಅಕ್ಕನ ಜಾತಕ ಸಿಕ್ಕಿತು. ನಾಲ್ಕು ತುದಿಗೂ ಹಚ್ಚಿದ ಅರಸಿನದ ವಾಸನೆ ಇನ್ನೂ ಇತ್ತು. ಅದರ ಹಿಂದೆಯೇ ನಮ್ಮೂರ ಜೋಯಿಸರ ಮುಖ... ಹೊಟ್ಟೆಯುರಿ ಇನ್ನೂ ಆರಿಲ್ಲವೆಂದು ಆಗ ಗೊತ್ತಾಯಿತು.

ಕೋಟದ ಹತ್ತಿರ ನಮ್ಮ ಮನೆ. ಅಪ್ಪಯ್ಯನದು ದೇವಸ್ಥಾನದ ಪೂಜೆ. ಅಕ್ಕ ಹುಟ್ಟಿದಾಗ ಜಾತಕ ಬರೆದವರು ಈ ಜೋಯಿಸರು. ಮೂಲಾ ನಕ್ಷತ್ರ ಎಂದರು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಉಳಿಯುವುದಿಲ್ಲವೆಂದು ಜನ ನಂಬುತ್ತಿದ್ದರು. ಹಾಲಾಡಿಯ ಸಂಬಂಧ ತಪ್ಪಿತು, ಬ್ರಹ್ಮಾವರದ್ದೂ ತಪ್ಪಿತು. ಕಡೆಗೆ, ಮಹಾಯುದ್ಧ ಮುಗಿದ ವರ್ಷ, ಕೆರಾಡಿಯ ವಿಧುರನೊಬ್ಬನಿಗೆ ಕೊಟ್ಟರು. ಅವನಿಗೆ ಅಪ್ಪಯ್ಯನಷ್ಟೇ ಪ್ರಾಯ. ಅವನ ತಂದೆ ಎಂದೋ ಸತ್ತಿದ್ದರಿಂದ ಆ ಮನೆಯಲ್ಲಿ ಮೂಲಾ ನಕ್ಷತ್ರಕ್ಕೆ ಹೆದರುವವರು ಯಾರೂ ಇರಲಿಲ್ಲ.

ಜೋಯಿಸರು ನಮ್ಮ ಜಗಲಿಯಲ್ಲಿ ಕೂತು ಬಡಾಯಿ ಕೊಚ್ಚುತ್ತಿದ್ದರು. ಕಲಿಯುಗ ಶುರುವಾದಂದಿನಿಂದ ಕಳೆದ ದಿನಗಳ ಸಂಖ್ಯೆ ಹಿಡಿದು, ಅದರಿಂದ ನಕ್ಷತ್ರ ಕಂಡುಹಿಡಿಯುವ ಪದ್ಧತಿ ಅವರದು. ಆ ಲೆಕ್ಕದಲ್ಲಿ ಒಂದು ದಿನ ಆಚೀಚೆ ಆಗುವುದುಂಟು. ಅದಕ್ಕೇ ಸಂಖ್ಯೆಯನ್ನು ಏಳರಿಂದ ಭಾಗಿಸಿ ನೋಡಬೇಕು. ಶೇಷ ಸೊನ್ನೆಯಾದರೆ ಶುಕ್ರವಾರ, ಒಂದಾದರೆ ಶನಿವಾರ, ಹೀಗೆ. ವಾರ ತಾಳೆಯಾಗದಿದ್ದರೆ ಒಂದು ಕೂಡಿಸಬೇಕು, ಇಲ್ಲವೇ ಕಳೆಯಬೇಕು.

"ಆ ತಾಳೆ ಕಾಂಬ್ದೆಲ್ಲ ಕಲಿಯೋರಿಗೆ. ನಂಗೆಂತಕ್ಕೆ?" ಎಂದು ನಗುತ್ತಿದ್ದರು.

ಅಕ್ಕ ಗಂಡನ ಮನೆಗೆ ಹೋದ ತಿಂಗಳಿಗೆ, ಅವಳ ಬೆನ್ನಿಗೆ ಹುಟ್ಟಿದ ತಂಗಿ ನಾನು ಆ ಜಾತಕ ತೆಗೆದೆ. ಮೇಲ್ಗಡೆ ಅವರದೇ ಕೈಬರಹದಲ್ಲಿ ದಿನಗಳ ಸಂಖ್ಯೆ: 18,37,237. ಏಳರಿಂದ ಭಾಗಿಸಿದೆ. ಶೇಷ ಮೂರು, ಅಂದರೆ ಸೋಮವಾರ. ಕೆಳಗಿನ ಸಾಲಿನಲ್ಲಿ ಅವರೇ ಮಂಗಳವಾರ ಎಂದು ಬರೆದಿದ್ದರು! ಅಮ್ಮನನ್ನು ಕೇಳಿದೆ, ಮಂಗಳವಾರವೇ. ಚಂದ್ರ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಒಂದು ಕೂಡಿಸಿದರೆ ಅಕ್ಕನದು ಮೂಲಾ ಅಲ್ಲ, ಪೂರ್ವಾಷಾಢ. ಅವಳಿಗೆ ಯಾವ ದೋಷವೂ ಇರಲಿಲ್ಲ.

ಹಲ್ಲು ಕಚ್ಚಿ ಕಾದೆ. ಪಕ್ಕದ ಮನೆಯ ಉಪನಯನಕ್ಕೆ ಊರೆಲ್ಲ ಸೇರಿದ್ದಾಗ ಕಾಗದವನ್ನು ಅವರ ಮುಂದಿಟ್ಟೆ.

"ಜೋಯ್ಸ್ರೆ, ಇದನ್ನ್ ಏಳ್ರಂಗೆ ಭಾಗ್ಸಿ ಕಾಣಿ."

ಭಾಗಿಸಿದರು. ಕೆಳಗಿನ ಸಾಲಿನ ವಾರದ ಮೇಲೆ ಬೆರಳಿಟ್ಟರು.

"ಒಂದ್ ದಿನ ಕಮ್ಮಿ ಆಯ್ತ್, ಹೆಣೆ," ಎಂದರು.

ನನಗೆ ಅಷ್ಟು ಸಾಲಲಿಲ್ಲ. ಕೋಟದಿಂದ ಕುಂದಾಪುರದವರೆಗೆ ಮನೆಮನೆಗೆ ಹೇಳಿದೆ. ಅವರಲ್ಲಿಗೆ ಜಾತಕ ತರುವವರು ನಿಂತೇಹೋದರು. ಆಮೇಲೊಮ್ಮೆ ಜೋಯಿಸರೇ ಅಕ್ಕನ ಜಾತಕ ತಿದ್ದಿ ಬರೆದು ಹಿಡಿದುಕೊಂಡು ಬಂದರು, ಮೆಟ್ಟಿಲು ಹತ್ತಗೊಡಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಮುಖಕ್ಕೇ ಹೇಳಿದೆ. ಅವರು ತೀರಿಕೊಂಡಾಗಲೂ ಅಯ್ಯೋ ಎನಿಸಲಿಲ್ಲ.

ಈ ಗೆಲುವನ್ನು ಹೇಳಲೆಂದೇ ಕೆರಾಡಿಗೂ ಹೋದೆ. ಅಕ್ಕ ಗೆರಸಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಕೇಳಿದ ಮೇಲೆ ಅವಳ ಕೈ ನಿಂತಿತು.

"ನನ್ನ್ ಹಣೆಬರ ಅಂದ್ಕಂಡ್ ಹ್ಯಾಂಗೋ ಸಮಾಧಾನದಂಗೆ ಇದ್ದಿದ್ದೆ. ಇನ್ನ್ ಎಂತ ಅಂದ್ಕಂಬ್ದ್?"

ಅಕ್ಕ ತೀರಿಕೊಂಡು ಎಷ್ಟೋ ವರ್ಷಗಳಾದವು... ಜೋಯಿಸರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಕ್ಕ ನನ್ನನ್ನು ಕ್ಷಮಿಸಿದ್ದಳೋ ಇಲ್ಲವೋ, ಕೇಳಲು ನನಗೆ ಧೈರ್ಯ ಬರುವ ಮೊದಲೇ ಹೊರಟುಹೋದಳು.