ನುಂಗದೆ ಕಲಿತ ವಿದ್ಯೆ

ನಿಲಂಗಾ ಊರಿನ ನಮ್ಮ ಪಕ್ಕದ ಮನೆಯ ಹುಡುಗಿ ಏನು ಕೊಟ್ಟರೂ ಮೊದಲು ಮೂಸುತ್ತಿದ್ದಳು. ಚಹಾ, ಬೆಲ್ಲ, ಮಳೆಯಲ್ಲಿ ನೆನೆದ ನನ್ನ ಕೊಡೆ, ಯಾವುದನ್ನೂ ಬಿಟ್ಟವಳಲ್ಲ. "ಮೊದಲ ವಾಸನಿ ನೋಡ್ರಿ ಕಾಕಾ, ಆಮ್ಯಾಲ ರುಚಿ," ಅನ್ನುವಳು. ವಿಶ್ವವಿದ್ಯಾಲಯದಲ್ಲಿ ದ್ರಾಕ್ಷಿ ಬೆಳೆಯುವುದನ್ನೂ ವೈನ್ ಮಾಡುವುದನ್ನೂ ಓದುತ್ತಿದ್ದಳು. ಲಿಂಗ ಕಟ್ಟಿದ ಮನೆತನ. ಮನೆಯವರಿಗೆ ಗೊತ್ತಿದ್ದದ್ದು ದ್ರಾಕ್ಷಿಯಷ್ಟೇ.

ನಮ್ಮ ಕಡೆಯ ಊರುಗಳನ್ನು ಕೆಡವಿದ ಭೂಕಂಪದ ನಂತರ ಕಟ್ಟಿದ ಗಟ್ಟಿ ಮನೆಯಲ್ಲೂ, ಓಡಲು ಸುಲಭವೆಂದು ಬಾಗಿಲ ಪಕ್ಕವೇ ಮಲಗುವವನು ನಾನು. ಅವಳ ಬಗೆಗಿನ ಚಿಂತೆಯನ್ನೂ ಅವಳು ಕೇಳದೆಯೇ ಹೊತ್ತುಕೊಂಡಿದ್ದೆ. ಜೊತೆಗೆ ಒಂದು ಕುತೂಹಲ: ಈಕೆ ಕುಡಿಯುತ್ತಾಳೋ, ಇಲ್ಲವೋ?

ದೀಪಾವಳಿ ರಜೆಯಲ್ಲಿ ವೈನಿನ ಸುದ್ದಿ ಅವಳ ಅಜ್ಜಿಗೆ ಮುಟ್ಟಿತು. ಕಟ್ಟೆಯ ಮೇಲೆ ಕೂತು ತಂಬಾಕು ಜಗಿಯುತ್ತಲೇ, "ಕಾಲೇಜು ಇನ್ನ ಸಾಕು. ಲಿಂಗಾ ಕಟ್ಟಿದ ಕೊರಳಾಗ ದಾರೂ ಇಳೀತದೇನ?" ಅಂದರು.

ಸಮಾಧಾನ ಹೇಳಲು ಹೋದ ನಾನು, "ಚಿಂತಿ ಮಾಡಬ್ಯಾಡ್ರಿ ಆಯಿ, ಆಕಿ ಭಾಳ ಕುಡಿಯಂಗಿಲ್ಲ," ಎಂದು ಇದ್ದದ್ದನ್ನೂ ಕೆಡಿಸಿದೆ.

ಹುಡುಗಿ ನಕ್ಕಳು. "ನುಂಗೂದಿಲ್ಲ ಆಯಿ. ಬಾಯಾಗ ಹಾಕ್ಕೊಂಡು ರುಚಿ ನೋಡಿ ಉಗುಳ್ತೀವಿ. ನುಂಗಿದವರಿಗೆ ಸರ್ ಬೈತಾರ."

"ಬಾಯಾಗ ಹಾಕ್ಕೊಂಡದ್ದು ನುಂಗಲಾರದ ಯಾರರ ಇರ್ತಾರೇನ?"

"ನೀ ದಿನಾ ತಂಬಾಕು ಹಾಕ್ಕೋತಿ. ನುಂಗ್ತಿ ಏನ?"

ಅಜ್ಜಿಯ ದವಡೆ ನಿಂತಿತು. ಅವರು ಅಂಗಳಕ್ಕೆ ಉಗುಳಿ, ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸಿದರು.

"ಹೋಗು ಕಾಲೇಜಿಗೆ. ಲಿಂಗಪೂಜಿಗೆ ಕುಂಡ್ರೂ ಮುಂದ ಮಾತ್ರ ಹಿಂಗ ಬಾಯಿ ತೊಳಕೋ."