ಹಡಗಿನಲ್ಲಿ ಹೋದ ಮೀಸೆ

ಇಂಥ ಕಥೆಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುವ ಪೈಕಿ ನಾನು. ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಮೀಟರಿನ ಮುಳ್ಳು ತೋರಿಸಿದ್ದಷ್ಟೇ ಸತ್ಯ. ಈಗ ಹೇಳಹೊರಟಿರುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನೀವು ನಂಬದಿದ್ದರೆ ನನಗೇ ಒಂದಿಷ್ಟು ಸಮಾಧಾನ.

ಅಪ್ಪ ಕಾಣೆಯಾಗಿ ಆಗ ಒಂಬತ್ತು ವರ್ಷವಾಗಿತ್ತು. ಕಡೂರಿನ ನಮ್ಮ ಮನೆಯಲ್ಲಿ ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಂಡು, ತಿಂಡಿ ತಿಂದು, ಅಜ್ಜಂಪುರದಲ್ಲಿ ಯಾರನ್ನೋ ನೋಡಿಕೊಂಡು ಸಂಜೆಗೆ ಬರುತ್ತೇನೆಂದು ಹೊರಟವರು ಬರಲೇ ಇಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನೋಡಿದೆ ಎಂದ ಒಬ್ಬ. ಎಮ್ಮೆದೊಡ್ಡಿ ಕಾವಲಿನ ಕಾಡಿನೊಳಗೆ ನಡೆದು ಹೋಗುತ್ತಿದ್ದರು ಎಂದ ಇನ್ನೊಬ್ಬ. ಎರಡೂ ಕಡೆ ದಿನಗಟ್ಟಲೆ ಹುಡುಕಿದೆವು. ಒಂದು ಚಪ್ಪಲಿಯೂ ಸಿಗಲಿಲ್ಲ.

ನಮ್ಮ ಕಡೆ ಅಪ್ಪ ಇರುವವರೆಗೆ ಮಗ ಮೀಸೆ ತೆಗೆಯುವುದಿಲ್ಲ. ಅಪ್ಪ ತೀರಿಕೊಂಡಾಗ ತಲೆಗೂದಲಿನ ಜೊತೆ ಅದೂ ಹೋಗುತ್ತದೆ. ಈ ನಿಯಮದ ಮೇಲೆ ನನಗೇನೂ ಭಕ್ತಿ ಇರಲಿಲ್ಲ. ಆದರೆ ಅಮ್ಮ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಹಿರೇನಲ್ಲೂರಿನ ನಮ್ಮ ಚಿಕ್ಕಪ್ಪ ಬಂದಾಗಲೆಲ್ಲ ಒಂದೇ ಮಾತು ತೆಗೆಯುತ್ತಿದ್ದರು.

"ಅತ್ತಿಗೆ, ಇನ್ನೆಷ್ಟು ವರ್ಷ ಅಂತ ಕಾಯ್ತೀರಾ? ದರ್ಭೆ ಬೊಂಬೆ ಮಾಡಿ ಕರ್ಮ ಮುಗಿಸ್ಬಿಡಾಣ."

"ನನ್ ಮಗನ ಮೀಸೆ ಇರೋ ತನಕ ನಿಮ್ಮಣ್ಣ ಬದುಕವ್ರೆ ಕಣಪ್ಪಾ. ಕಾಫಿ ಕುಡಿ."

ಅಮ್ಮನ ಹಣೆಯ ಕುಂಕುಮ ಒಂದು ದಿನವೂ ಸಣ್ಣದಾಗಲಿಲ್ಲ. ರಜೆಗೆ ಬಂದಾಗಲೆಲ್ಲ ಅವಳು ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಮೂಗಿನ ಕೆಳಗಿನ ಆ ಎರಡು ಬೆರಳಗಲದ ಜಾಗವನ್ನು. ನಾನು ಅದಕ್ಕೆ ಅವಳನ್ನು ರೇಗಿಸುತ್ತಿದ್ದೆ.

ಅಪ್ಪ ಬಿಟ್ಟುಹೋದ ಶೇವಿಂಗ್ ಸಾಮಾನು ನನ್ನ ಬಳಿಯೇ ಇತ್ತು. ಹಿತ್ತಾಳೆಯ ರೇಜರ್, ಕೂದಲು ಉದುರಿದ ಬ್ರಶ್ಶು, ಒಂದು ಪಟಿಕದ ತುಂಡು. ಹಡಗು ಸೇರಲು ವಿಮಾನ ಹತ್ತುವಾಗ ಪ್ರತಿಸಲವೂ ಬ್ಯಾಗು ಬಿಚ್ಚಿಸಿ ಬ್ಲೇಡುಗಳನ್ನು ತೆಗೆದುಕೊಂಡು ರೇಜರ್ ಮಾತ್ರ ವಾಪಸ್ ಕೊಡುತ್ತಿದ್ದರು. ಇಳಿದ ಊರಿನಲ್ಲಿ ಹೊಸ ಬ್ಲೇಡು ಕೊಳ್ಳುತ್ತಿದ್ದೆ. ಯೂಸ್ ಅಂಡ್ ಥ್ರೋ ಬಳಸು ಎಂದು ಜೊತೆಯವರು ಗೇಲಿ ಮಾಡಿದರೂ ಆ ರೇಜರ್ ಬಿಡಲು ಮನಸ್ಸಾಗಲಿಲ್ಲ. ಅಪ್ಪನದು ಅಂತ ಉಳಿದಿದ್ದು ಅಷ್ಟೇ.

ಓಲಾಡುವ ಹಡಗಿನಲ್ಲಿ ಬ್ಲೇಡು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಮಂಡಿಯನ್ನು ಸಿಂಕಿನ ಕೆಳಗೆ ಒತ್ತಿಕೊಂಡು, ಒಂದು ಕೈಯಲ್ಲಿ ಗೋಡೆಯ ಹಿಡಿಕೆ ಹಿಡಿದು ನಿಲ್ಲಬೇಕು. ಹಡಗು ಒಂದು ಪಕ್ಕಕ್ಕೆ ವಾಲಿ, ತಿರುಗುವ ಮುನ್ನ ಅರೆಕ್ಷಣ ನಿಲ್ಲುತ್ತದೆ. ಎಳೆಯುವುದು ಆಗ ಮಾತ್ರ. ಮತ್ತೆ ಕಾಯಬೇಕು. ನಾನು ಬಲಗೈಯವನು. ಹಾಗಾಗಿ ಎಡಗೈ ಯಾವಾಗಲೂ ಹಿಡಿಕೆಯ ಮೇಲೆ.

ಆಷಾಢದ ದಿನಗಳು. ಅರಬ್ಬೀ ಸಮುದ್ರ ಕೆಟ್ಟದಾಗಿ ಎದ್ದಿತ್ತು. ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಕ್ಯಾಬಿನ್ನಿಗೆ ಬಂದೆ. ಕಿಟಕಿಯಲ್ಲಿ ಬೆಳಕು ಚೆನ್ನಾಗಿತ್ತು, ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ಕೆನ್ನೆಗೆ, ಗದ್ದಕ್ಕೆ ಸೋಪು ಹಚ್ಚಿದ್ದು ನೆನಪಿದೆ. ಬ್ರಶ್ಶು ಕೆಳಗಿಟ್ಟಿದ್ದು ನೆನಪಿದೆ. ಆಮೇಲೆ ಮೇಲ್ತುಟಿಗೆ ತಣ್ಣನೆ ಗಾಳಿ ತಾಗಿತು. ಕನ್ನಡಿ ನೋಡಿದರೆ ಮೀಸೆ ಇರಲಿಲ್ಲ.

ಅರ್ಧಂಬರ್ಧ ಅಲ್ಲ, ಪೂರ್ತಿ ಹೋಗಿತ್ತು. ಒಂದು ಗೀರೂ ಇಲ್ಲ. ಕೆನ್ನೆಯ ಸೋಪು ಹಚ್ಚಿದ ಹಾಗೇ ಇತ್ತು. ಬಲಗೈ ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿಕೆ ಹಿಡಿದಿತ್ತು. ರೇಜರ್ ಇದ್ದದ್ದು ಎಡಗೈಯಲ್ಲಿ.

ಎಡಗೈಯಲ್ಲಿ ನನಗೆ ನೆಟ್ಟಗೆ ಹಲ್ಲುಜ್ಜಲೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಎಡಚರಿದ್ದದ್ದು ಅಪ್ಪ ಒಬ್ಬರೇ.

ನಾನು ಹೆದರಿದೆ. ಹಾಸಿಗೆಯ ಮೇಲೆ ಕೂತು, ಕೆನ್ನೆಯ ಸೋಪು ಒಣಗುವವರೆಗೂ ಆ ರೇಜರನ್ನು ನೋಡುತ್ತಿದ್ದೆ. ನಿದ್ದೆಗೆಟ್ಟು ಮಂಪರಿನಲ್ಲಿ ಮಾಡಿಕೊಂಡಿರಬೇಕು ಎಂದುಕೊಂಡೆ. ಈಗಲೂ ಬೇರೆಯವರ ಮುಂದೆ ಹಾಗೆಯೇ ಹೇಳುತ್ತೇನೆ. ಊಟಕ್ಕೆ ಹೋದಾಗ ಜೊತೆಯವರು ಹತ್ತು ವರ್ಷ ಚಿಕ್ಕವನಾದೆ ಎಂದು ನಕ್ಕರು. ಅವರಲ್ಲಿ ನಮ್ಮ ಕಡೆಯವರು ಯಾರೂ ಇರಲಿಲ್ಲ.

ಮೀಸೆ ಮತ್ತೆ ಬೆಳೆಸಿದೆ. ಅದು ಮೊದಲಿನಂತಾಗುವವರೆಗೆ ಮನೆಗೆ ವಿಡಿಯೋ ಕಾಲ್ ಮಾಡಲಿಲ್ಲ. ನಡುಸಮುದ್ರದಲ್ಲಿ ನೆಟ್ ಸಿಗುವುದಿಲ್ಲ ಎಂದರೆ ಮನೆಯವರು ನಂಬುತ್ತಾರೆ. ಹೆಂಡತಿಗೂ ಹೇಳಲಿಲ್ಲ. ಐದು ತಿಂಗಳ ಮೇಲೆ ಕಡೂರು ಸ್ಟೇಷನ್ನಿನಲ್ಲಿ ಇಳಿದಾಗ ಮೀಸೆ ಹಿಂದಿನದಕ್ಕಿಂತ ದಪ್ಪವೇ ಇತ್ತು. ಆಟೋದ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ.

ಬಾಗಿಲು ತೆಗೆದವಳು ಅಮ್ಮನೇ. ನನ್ನನ್ನು ನೋಡುತ್ತಲೇ ನಿಂತಳು. ಆಮೇಲೆ ಕೈಯೆತ್ತಿ ಹೆಬ್ಬೆರಳಿನಿಂದ ನನ್ನ ಮೀಸೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಿಧಾನ ಸವರಿದಳು.

"ನೀನೇ ತೆಗ್ದ್ಯೇನಪ್ಪಾ, ಇಲ್ಲಾ ಅವರೇ ತೆಗ್ದ್ರಾ?"

ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ನಾನೇ ತೆಗೆದೆ, ಕೈ ತಪ್ಪಿತು ಅಂದುಬಿಟ್ಟಿದ್ದರೆ ಸಾಕಿತ್ತು. ಬೈದು, ಒಳಗೆ ಕರೆದು ಊಟಕ್ಕಿಡುತ್ತಿದ್ದಳು. ಅಷ್ಟು ಸಣ್ಣ ಸುಳ್ಳು, ಅದು ಸುಳ್ಳೋ ಅಲ್ಲವೋ ಅದೂ ಗೊತ್ತಿಲ್ಲ. ಆದರೆ ನನಗೆ ಬಾಯಿ ಬರಲಿಲ್ಲ.

ಅಮ್ಮ ನನ್ನ ಮೀಸೆಯಿಂದ ಕೈ ತೆಗೆದಳು. ಆಮೇಲೆ ಬಚ್ಚಲಿಗೆ ಹೋದಳು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಬಂದಾಗ ಅವಳ ಹಣೆ ಬರಿದಾಗಿತ್ತು.

"ಚಿಕ್ಕಪ್ಪಂಗೆ ಫೋನ್ ಮಾಡು" ಎಂದಳು.

ದರ್ಭೆಯ ಬೊಂಬೆಗೆ ನಾನೇ ಬೆಂಕಿಯಿಟ್ಟೆ. ಕ್ಷೌರದವನು ಮೀಸೆಗೆ ನೀರು ಹಚ್ಚಿದಾಗ ಕಣ್ಣು ಮುಚ್ಚಿಕೊಂಡೆ. ಇದೆಲ್ಲ ನಡೆದು ಏಳು ವರ್ಷವಾಯಿತು. ಅಪ್ಪನ ಸುದ್ದಿ ಆಗಲೂ ಬರಲಿಲ್ಲ, ಈಗಲೂ ಇಲ್ಲ. ಸತ್ತರೆಂದು ಹೇಳುವ ಒಂದು ಎಲುಬೂ ಸಿಕ್ಕಿಲ್ಲ. ಮನೆಯಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ನಾನು ಈಗಲೂ ಅಮ್ಮನಿಗಿಂತ ಮೊದಲು ಎದ್ದು ಹೋಗುತ್ತೇನೆ. ಬಂದವರು ಅವರೇ ಆಗಿದ್ದು, ಅವಳ ಹಣೆ ನೋಡಿ, ನಾನು ಸತ್ತೆ ಅಂತ ಯಾರು ಹೇಳಿದ್ದು ಎಂದು ಕೇಳಿದರೆ, ಆ ರೇಜರನ್ನೇ ತಂದು ಅವರ ಎಡಗೈಗೆ ಕೊಡುತ್ತೇನೆ.